ಟೊರೊಂಟೊ ಚಳಿಗಾಲ: ತುಮಕೂರು ಕಡೆಯಿಂದ ಹೊರಟವರಿಗೆ ನಾಲ್ಕು ಮಾತು

ಕೆನಡಾದ ಟೊರೊಂಟೊಗೆ ಹೊರಟ ನಮ್ಮ ಕಡೆಯ ಮಕ್ಕಳು ಕೇಳುವ ಮೊದಲ ಪ್ರಶ್ನೆ ಜಾಕೆಟ್‌ನದು. ಎಷ್ಟು ದಪ್ಪವಿರಬೇಕು, ಬೆಂಗಳೂರಿನಲ್ಲೇ ಕೊಳ್ಳಬೇಕೋ ಅಲ್ಲಿಗೆ ಹೋಗಿ ಕೊಳ್ಳಬೇಕೋ. ಅವರ ತಾಯಂದಿರು ಕೇಳುವುದು ಊಟದ ವಿಚಾರ. ಹುಳಿಪುಡಿ ಎಷ್ಟು ಕಳಿಸಬಹುದು, ಅಲ್ಲಿ ರಾಗಿ ಹಿಟ್ಟು ಸಿಗುತ್ತದೆಯೇ. ಈ ಸಲ ಧನುರ್ಮಾಸಕ್ಕೆ ತುಮಕೂರಿನಲ್ಲಿದ್ದೇನೆ. ಮುಂಜಾನೆಯ ಪೂಜೆ ಮುಗಿದು ಹುಗ್ಗಿ ಹಂಚುವ ಹೊತ್ತಿನಲ್ಲಿ, ಅಮಾನಿಕೆರೆಯ ಸುತ್ತ ನಡೆಯುವಾಗ, ಜನವರಿಯ ತರಗತಿಗೆ ಮಕ್ಕಳನ್ನು ಕಳಿಸುತ್ತಿರುವವರು ಇವೇ ಎರಡು ಪ್ರಶ್ನೆಗಳನ್ನು ಮುಂದಿಡುತ್ತಾರೆ. ನವೆಂಬರಿನಿಂದ ಮಾರ್ಚಿಯವರೆಗಿನ ಆ ಐದು ತಿಂಗಳು ಅಲ್ಲಿ ಏನು ಮಾಡಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ ಅದೊಂದೇ.

ಚಿಕ್ಕಪುಟ್ಟದ್ದನ್ನು ಮೊದಲೇ ಮುಗಿಸಿಬಿಡುತ್ತೇನೆ. ಕೆಲಸಕ್ಕೆ ಸೇರಲು ಬೇಕಾದ ಸಿನ್ ಎಂಬ ಸರ್ಕಾರಿ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ಬಸ್ಸಿಗೂ ಸಬ್‌ವೇಗೂ ಪ್ರೆಸ್ಟೊ ಕಾರ್ಡು, ಇವೆಲ್ಲ ಮೊದಲ ವಾರದ ಕೆಲಸ, ಯಾರನ್ನು ಕೇಳಿದರೂ ಹೇಳುತ್ತಾರೆ. ಕಾರು ಓಡಿಸುವ ಆಸೆಯಿದ್ದವರು ಆರ್‌ಟಿಒ ಕಚೇರಿಯಿಂದ ಚಾಲನಾ ಅನುಭವದ ಪತ್ರ ಮಾಡಿಸಿಕೊಂಡೇ ವಿಮಾನ ಹತ್ತಿ. ಜಾಕೆಟ್ ಅಲ್ಲೇ ಕೊಳ್ಳಿ.

ಜಾಕೆಟ್ ಒಂದನ್ನೇ ನಂಬಿ ಒಳಗೆ ಹತ್ತಿಯ ಬನಿಯನ್ ಹಾಕಿಕೊಂಡು ಹೊರಡುವವರು ನಮ್ಮಲ್ಲಿ ಬಹಳ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತರೆ ಬೆನ್ನು ಕೊರೆಯುತ್ತದೆ. ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲದರ ಮೇಲೆ ಗಾಳಿ ನುಗ್ಗದ ಜಾಕೆಟ್, ಹೀಗೆ ಪದರ ಪದರವಾಗಿ ತೊಡಬೇಕು. ಬೂಟು ಬಿಗಿಯಾಗಿರಬಾರದು. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳುಗಳನ್ನು ಆಡಿಸುವಷ್ಟು ಜಾಗವಿರಬೇಕು, ಕಾಲನ್ನು ಬೆಚ್ಚಗಿಡುವುದು ಅಲ್ಲಿ ನಿಂತ ಗಾಳಿಯೇ. ಹವಾಮಾನ ವರದಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಉಷ್ಣಾಂಶ ಮೈನಸ್ 10 ಎಂದಿದ್ದರೂ ಗಾಳಿ ಸೇರಿದಾಗ ಮೈಗೆ ಮೈನಸ್ 20 ಅನ್ನಿಸಬಹುದು. ಮನೆ ಬಿಡುವ ಮುಂಚೆ ಎರಡನೆಯದನ್ನು ನೋಡಿ. ರಸ್ತೆಗೆ ಸುರಿಯುವ ಉಪ್ಪು ಚರ್ಮದ ಶೂಗಳನ್ನು ತಿಂದುಹಾಕುತ್ತದೆ, ಮದುವೆಗೆಂದು ಹೊಲಿಸಿದ ಸೂಟಿನ ಜೊತೆಯ ಒಳ್ಳೆಯ ಜೋಡನ್ನು ಇಲ್ಲೇ ಬಿಟ್ಟು ಹೋಗಿ.

ಈಗ ಮುಖ್ಯ ವಿಚಾರ. ಚಳಿ ಎಂದರೆ ನಮಗೆ ಒಳಗಿರುವ ಕಾಲ. ಶಾಲು ಹೊದ್ದು, ಕಿವಿಗೆ ಮಫ್ಲರ್ ಸುತ್ತಿ, ಶೀತವಾದೀತು ಎಂದು ಮಗುವನ್ನು ಅಂಗಳದಿಂದ ಒಳಕ್ಕೆ ಕರೆದುಕೊಳ್ಳುವ ಕಾಲ. ತುಮಕೂರಿನ ಜನವರಿಯ ಬೆಳಗಿಗೆ ಅದು ಸರಿ, ಹತ್ತು ಗಂಟೆಗೆ ಬಿಸಿಲೇರಿದರೆ ಶಾಲು ತಾನಾಗಿ ಜಾರುತ್ತದೆ. ಅದೇ ಅಭ್ಯಾಸವನ್ನು ಟೊರೊಂಟೊಗೆ ಹೊತ್ತೊಯ್ದರೆ ವರ್ಷದ ಹತ್ತಿರ ಹತ್ತಿರ ಅರ್ಧ ಭಾಗ ಬಾಗಿಲ ಹಿಂದೆಯೇ ಕಳೆದುಹೋಗುತ್ತದೆ. ಅಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸಂಜೆ ಐದಾಗುವ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ, ಇಡೀ ಹಗಲು ಒಂಬತ್ತು ಗಂಟೆಯೂ ತುಂಬುವುದಿಲ್ಲ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳಿ ಹೀಟರ್ ಮುಂದೆ ಕೂತರೆ, ಊರಿನ ಟಿವಿ ವಾಹಿನಿಗಳೇ ಲೋಕವಾಗಿಬಿಡುತ್ತವೆ. ನಮ್ಮ ತಲೆಮಾರಿನ ಎಷ್ಟೋ ಮನೆಗಳು ಹಾಗೆಯೇ ಆದವು. ವರ್ಷಗಟ್ಟಲೆ ಒಂದು ಊರಿನಲ್ಲಿದ್ದೂ ಆ ಊರಿನವರಾಗಲಿಲ್ಲ. ಬೇಸಿಗೆಯಲ್ಲಿ ನಯಾಗರ ನೋಡಿದವರನ್ನು ಊರು ತನ್ನವರೆಂದು ಎಣಿಸುವುದಿಲ್ಲ, ಫೆಬ್ರುವರಿಯಲ್ಲಿ ಜೊತೆಗೆ ಹಿಮ ತುಳಿದವರನ್ನು ಎಣಿಸುತ್ತದೆ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಆದ್ದರಿಂದ ಮೊದಲ ಡಿಸೆಂಬರಿನಲ್ಲೇ ಸ್ಕೇಟಿಂಗ್ ಕಲಿಯಿರಿ, ವಯಸ್ಸು ಎಷ್ಟೇ ಆಗಿರಲಿ. ನಗರಸಭೆಯ ಮುಂದಿನ ನೇಥನ್ ಫಿಲಿಪ್ಸ್ ಚೌಕದಲ್ಲಿ ಬೇಸಿಗೆಯಲ್ಲಿ ಕೊಳವಾಗಿದ್ದದ್ದು ಚಳಿಗಾಲದಲ್ಲಿ ಮಂಜುಗಡ್ಡೆಯ ಅಂಗಳವಾಗುತ್ತದೆ. ಪ್ರವೇಶ ಉಚಿತ, ಸ್ಕೇಟು ಬಾಡಿಗೆಗೆ ಸಿಗುತ್ತದೆ. ಇಂಥ ಬಯಲು ರಿಂಕ್‌ಗಳು ಊರಿನ ಬಡಾವಣೆಗಳಲ್ಲಿ 50ಕ್ಕೂ ಹೆಚ್ಚಿವೆ, ನಿಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಒಂದಿದ್ದೇ ಇರುತ್ತದೆ. ಗಾರ್ಡಿನರ್ ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿ ಬೆಂಟ್‌ವೇ ಎಂಬ ಜಾಗವಿದೆ. ಎಂಟರ ಅಂಕಿಯಂತೆ ಸುತ್ತಿ ಬರುವ 220 ಮೀಟರ್ ಸ್ಕೇಟಿಂಗ್ ದಾರಿಯನ್ನು 2018ರಲ್ಲಿ ಅಲ್ಲಿ ತೆರೆದರು. ತಲೆಯ ಮೇಲೆ ಲಾರಿಗಳು ಓಡುತ್ತಿರುತ್ತವೆ, ಕೆಳಗೆ ಮಕ್ಕಳು ಜಾರುತ್ತಿರುತ್ತಾರೆ.

ಸ್ಕೇಟಿನ ದಾರ ಕಟ್ಟುವುದನ್ನು ಯಾರೂ ಹೇಳಿಕೊಡುವುದಿಲ್ಲ, ಮೊದಲ ದಿನವೇ ಕಾಲು ನೋಯಿಸಿಕೊಂಡು ಬಿಟ್ಟುಬಿಡುವವರು ಇದರಿಂದಲೇ ಬಿಡುತ್ತಾರೆ. ಬೆರಳುಗಳ ಮೇಲೆ ದಾರ ಸಡಿಲವಾಗಿರಲಿ. ಪಾದದ ನಡುವಿಗೆ ಬಂದಂತೆ ಒಂದೊಂದು ಅಡ್ಡದಾರಕ್ಕೂ ತೋರುಬೆರಳು ಸಿಕ್ಕಿಸಿ ಎಳೆದು ಬಿಗಿ ಮಾಡಿ. ಕಣಕಾಲು ಬಾಗುವಲ್ಲಿ ಎಲ್ಲಕ್ಕಿಂತ ಬಿಗಿ. ಎದ್ದು ನಿಂತಾಗ ಕಣಕಾಲು ಒಳಕ್ಕೆ ವಾಲಿದರೆ ದಾರ ಬಿಚ್ಚಿ ಮತ್ತೆ ಕಟ್ಟಿ. ಮಂಡಿ ಬಗ್ಗಿಸಿ, ದೃಷ್ಟಿ ಮುಂದಿರಲಿ. ಬೀಳುವುದಾದರೆ ಪಕ್ಕಕ್ಕೆ ಬೀಳಿ, ಬಿದ್ದ ಕೂಡಲೇ ಬೆರಳುಗಳನ್ನು ಮುಷ್ಟಿ ಮಾಡಿಕೊಳ್ಳಿ, ಹಿಂದೆ ಬರುವವರ ಸ್ಕೇಟಿನ ಅಲಗು ತಾಗಬಾರದು. ಆರು ವರ್ಷದೊಳಗಿನ ಮಕ್ಕಳಿಗೆ ನಗರದ ರಿಂಕ್‌ಗಳಲ್ಲಿ ಹೆಲ್ಮೆಟ್ ಕಡ್ಡಾಯ, ಹೊಸದಾಗಿ ಕಲಿಯುವ ದೊಡ್ಡವರೂ ಹಾಕಿಕೊಳ್ಳಿ. ಸೀರೆಯುಟ್ಟು ಅಭ್ಯಾಸವಾದ ನಮ್ಮ ಅಕ್ಕಂದಿರು ನಲವತ್ತು ದಾಟಿದ ಮೇಲೆ ಪ್ಯಾಂಟು ತೊಟ್ಟು ಅಂಚಿನ ಕಟಕಟೆ ಹಿಡಿದು ಮೊದಲ ಸುತ್ತು ಮುಗಿಸಿದ್ದನ್ನು ಕಂಡಿದ್ದೇನೆ. ಅಪರಿಚಿತರು ನಿಂತು ಚಪ್ಪಾಳೆ ತಟ್ಟಿದರು. ಆ ಊರಿನ ಜನ ಮುಕ್ತವಾಗಿ ಮಾತಾಡುವುದು ಇಂಥ ಕಡೆಗಳಲ್ಲಿ, ಲಿಫ್ಟಿನಲ್ಲಿ ಮಾತಾಡುವುದಿಲ್ಲ.

ಮಕ್ಕಳಿದ್ದವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹಿಮ ಬೀಳುತ್ತಿದ್ದರೂ ಅಲ್ಲಿನ ಶಾಲೆಗಳು ಬಿಡುವಿನ ವೇಳೆಯಲ್ಲಿ ಮಕ್ಕಳನ್ನು ಮೈದಾನಕ್ಕೆ ಬಿಡುತ್ತವೆ. ನಮ್ಮವರು ಹೆದರಿ, ನಮ್ಮ ಮಗುವಿಗೆ ಚಳಿ ತಡೆಯುವುದಿಲ್ಲ, ಒಳಗೇ ಕೂರಿಸಿ ಎಂದು ಶಿಕ್ಷಕರಿಗೆ ಚೀಟಿ ಬರೆದು ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಮದ ಪ್ಯಾಂಟು, ಬೂಟು, ಟೋಪಿ, ಎರಡು ಜೊತೆ ಕೈಗವಸು ಕೊಟ್ಟು ಕಳಿಸಿ. ಒಂದು ಜೊತೆ ಒದ್ದೆಯಾದರೆ ಇನ್ನೊಂದು ಇರುತ್ತದೆ. ಕಿಟಕಿಯ ಈಚೆ ಒಬ್ಬಂಟಿಯಾಗಿ ಕೂತ ಮಗು, ಆಚೆ ಹಿಮದ ಕೋಟೆ ಕಟ್ಟುತ್ತಿರುವವರಲ್ಲಿ ಯಾರ ಗೆಳೆಯನೂ ಆಗುವುದಿಲ್ಲ. ನಾವು ಬಾಲ್ಯದಲ್ಲಿ ದೇವರಾಯನದುರ್ಗದ ಬಂಡೆಗಳ ಮೇಲೆ ಜಾರಿ ಮಂಡಿ ತರಚಿಕೊಂಡೇ ಬೆಳೆದವರಲ್ಲವೇ? ರಿವರ್‌ಡೇಲ್ ಪಾರ್ಕಿನ ಇಳಿಜಾರಿಗೆ ಕರೆದುಕೊಂಡು ಹೋಗಿ, ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ನೀವೂ ಜಾರಿ. ಮೇಲಿನಿಂದ ನಗರದ ಎತ್ತರದ ಕಟ್ಟಡಗಳೆಲ್ಲ ಕಾಣುತ್ತವೆ. ನಗರ ಸಾರಿಗೆಯಾದ ಟಿಟಿಸಿಯ ಬಸ್ಸಿನಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಕಾರಿಲ್ಲ ಎಂಬ ನೆಪ ಬೇಡ.

ಮೈ ತೀರ ಮುದುಡಿದ ದಿನ ಆಲನ್ ಗಾರ್ಡನ್ಸ್‌ಗೆ ಹೋಗಿ. ಅಮಾನಿಕೆರೆ ಪಕ್ಕದ ನಮ್ಮ ಗಾಜಿನ ಮನೆಯನ್ನು ನಾವು ಸಭೆ ಸಮಾರಂಭಗಳಿಗೆ ಬಲ್ಲೆವು, ಅಲ್ಲಿಯ ಗಾಜಿನ ಮನೆಗಳ ತುಂಬ ಗಿಡಗಳಿವೆ. ಗುಮ್ಮಟದ ತಾಳೆ ಮನೆಯನ್ನು 1910ರಲ್ಲಿ ಕಟ್ಟಿದ್ದು, ಪ್ರವೇಶಕ್ಕೆ ಹಣವಿಲ್ಲ. ಬಾಗಿಲು ತಳ್ಳಿದ ಕೂಡಲೇ ಕನ್ನಡಕಕ್ಕೆ ಹಬೆ ಕವಿಯುತ್ತದೆ, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಬಾಳೆ ಗಿಡದ ಸುರುಳಿ ಎಲೆಯನ್ನು ಅಲ್ಲಿ ಕಂಡು ಮಾತು ನಿಂತ ತೋಟದ ಮನೆಯ ಹಿರಿಯರನ್ನು ನಾನು ಬಲ್ಲೆ.

ಓದಲು ಹೋಗುವ ಹುಡುಗ ಹುಡುಗಿಯರು ಹೆಚ್ಚಾಗಿ ಬಾಡಿಗೆ ಹಿಡಿಯುವುದು ನೆಲಮಾಳಿಗೆಯ ಕೋಣೆ. ಕಿಟಕಿ ಇದ್ದರೂ ಚಾವಣಿಯ ಹತ್ತಿರ ಒಂದು ಗೇಣಗಲ, ಹಿಮ ಬಿದ್ದರೆ ಅದೂ ಮುಚ್ಚಿಹೋಗುತ್ತದೆ. ಅದನ್ನು ಮಲಗುವುದಕ್ಕೆ ಮಾತ್ರ ಬಳಸಿ, ಹಗಲನ್ನು ಗ್ರಂಥಾಲಯದಲ್ಲಿ ಕಳೆಯಿರಿ. ಟೊರೊಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ 100 ಶಾಖೆಗಳಿವೆ. ಆ ಊರಿನಲ್ಲಿ ವಾಸಿಸುವವರಿಗೂ ಓದುವವರಿಗೂ ಸದಸ್ಯತ್ವ ಉಚಿತ, ವಸ್ತುಸಂಗ್ರಹಾಲಯಗಳಿಗೆ ಹೋಗಲು ಪಾಸನ್ನೂ ಪುಸ್ತಕದಂತೆ ಎರವಲು ಕೊಡುತ್ತಾರೆ. ಯಂಗ್ ರಸ್ತೆಯ ರೆಫರೆನ್ಸ್ ಲೈಬ್ರರಿಯನ್ನು ತಪ್ಪದೆ ನೋಡಿ. ವಾಸ್ತುಶಿಲ್ಪಿ ರೇಮಂಡ್ ಮೊರಿಯಾಮಾ ವಿನ್ಯಾಸದ ಆ ಕಟ್ಟಡ 1977ರಲ್ಲಿ ತೆರೆಯಿತು, ಐದು ಅಂತಸ್ತುಗಳು ನಡುವಿನ ಬಯಲನ್ನು ಸುತ್ತುವರಿದಿವೆ, ಬೆಳಕು ಮೇಲಿನಿಂದ ಇಳಿಯುತ್ತದೆ. ಟೊರೊಂಟೊ ಸೇರಿದ ಒಂಟೇರಿಯೊ ಪ್ರಾಂತ್ಯದಲ್ಲಿರುವ 25ರೊಳಗಿನವರಿಗೆ ಆರ್ಟ್ ಗ್ಯಾಲರಿ ಆಫ್ ಒಂಟೇರಿಯೊದ ಪ್ರವೇಶವೂ ಉಚಿತ. ಪಾತ್ ಎಂಬ ನೆಲದಡಿಯ ದಾರಿ 30 ಕಿಲೋಮೀಟರಿಗೂ ಹೆಚ್ಚು ಹಬ್ಬಿದೆ, ಪೇಟೆಯ ಕಚೇರಿಗಳನ್ನೂ ಸಬ್‌ವೇ ನಿಲ್ದಾಣಗಳನ್ನೂ ಅಂಗಡಿಗಳನ್ನೂ ಜೋಡಿಸುತ್ತದೆ. ಬಿರುಗಾಳಿಯ ದಿನಕ್ಕೆ ಒಳ್ಳೆಯದು. ದಿನಾ ಅದರಲ್ಲೇ ಓಡಾಡಿದರೆ ಸೂರ್ಯನ ಮುಖ ಕಾಣುವುದಿಲ್ಲ, ಮಧ್ಯಾಹ್ನ ಅರ್ಧ ಗಂಟೆ ಮೇಲೆ ಬಂದು ನಡೆಯಿರಿ.

ಇಷ್ಟೆಲ್ಲ ಮಾಡಿಯೂ ಮನಸ್ಸು ಮೇಲೇಳದಿದ್ದರೆ, ನಿದ್ದೆ ಊಟ ಕೆಟ್ಟು ವಾರಗಳು ಉರುಳಿದರೆ, ಅಪ್ಪ ಅಮ್ಮನಿಗೆ ಬೇಸರವಾದೀತೆಂದು ಮುಚ್ಚಿಡಬೇಡಿ. ಕಾಲೇಜಿನ ಆಪ್ತಸಲಹೆಗಾರರನ್ನು ಕಾಣಿ. ಬದುಕೇ ಬೇಡವೆನಿಸುವಷ್ಟು ಸಂಕಟವಾದರೆ ಅಲ್ಲಿನ ಸಹಾಯವಾಣಿ 988 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಇಲ್ಲಿ ಕುಳಿತ ತಂದೆ ತಾಯಂದಿರೂ ಇದನ್ನು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವ ಜೊತೆಗೆ ಇವತ್ತು ಹೊರಗೆ ಹೋಗಿದ್ದೆಯಾ ಎಂದೂ ಕೇಳಿ.

ಊಟದ ವಿಚಾರಕ್ಕೆ ಬಂದರೆ, ಈ ತಿಂಗಳುಗಳಲ್ಲಿ ನಮ್ಮವರ ಹೊಟ್ಟೆ ಕಿವುಚುವುದು ಅವರೆಕಾಯಿಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಯಾವ ಕಡೆಯವರಾದರೂ ಅಷ್ಟೇ. ಭಾರತೀಯ ಅಂಗಡಿಗಳ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಎಂಬ ಗುಜರಾತಿ ಹೆಸರಿನ ಪೊಟ್ಟಣ ಹುಡುಕಿ. ನಮ್ಮ ಸೊಗಡು ಅದಕ್ಕಿಲ್ಲ, ಕೈಗೆ ಅಂಟು ಹತ್ತುವುದಿಲ್ಲ. ಆದರೂ ರಾತ್ರಿ ನೆನೆಸಿಟ್ಟರೆ ಹಿತುಕಬಹುದು. ಒಬ್ಬರೇ ಕೂತು ಹಿತುಕಬೇಡಿ. ಶುಕ್ರವಾರ ಸಂಜೆ ನಾಲ್ಕು ಮನೆಯವರನ್ನು ಕರೆಯಿರಿ, ನೆಲದ ಮೇಲೆ ಪತ್ರಿಕೆ ಹಾಸಿ ನಡುವೆ ಪಾತ್ರೆಗಳನ್ನಿಡಿ, ಮಕ್ಕಳ ಕೈಗೂ ಕಾಳು ಕೊಡಿ. ಹೆಬ್ಬೆರಳಿನಿಂದ ಒತ್ತಿದಾಗ ಬೇಳೆ ಚಿಮ್ಮಿ ಗೋಡೆಗೆ ಬಡಿದರೆ ಅವರು ನಗುತ್ತಾರೆ, ಆ ನಗುವಿನ ನಡುವೆ ಕನ್ನಡ ಮಾತಾಡುತ್ತಾರೆ. ಶನಿವಾರದ ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಮಾತಾಡಿದ್ದನ್ನು ಕೇಳಿದ್ದೇನೆ. ಸಂಕ್ರಾಂತಿಗೆ ತಿಪಟೂರು ಕೊಬ್ಬರಿ ಒಯ್ದಿರಿ. ಹೆಚ್ಚಿದ ಕೊಬ್ಬರಿಯನ್ನೂ ಬೆಲ್ಲದ ಚೂರನ್ನೂ ಒಣಗಿಸಲು ಬಿಸಿಲು ಬೇಕಿಲ್ಲ, ಹೀಟರ್ ಗಾಳಿ ಬರುವ ಕಿಂಡಿಯ ಹತ್ತಿರ ತಟ್ಟೆಯಿಟ್ಟರೆ ಸಾಕು. ಪಕ್ಕದ ಮನೆಯ ಚೀನೀಯರಿಗೂ, ಎದುರು ಮನೆಯ ಪೋರ್ಚುಗೀಸ್ ಅಜ್ಜಿಗೂ ಎಳ್ಳು ಬೀರಿ. ನಮ್ಮ ಹಬ್ಬ ಅವರಿಗೆ ತಿಳಿಯುವುದು ಆ ಪೊಟ್ಟಣದಿಂದಲೇ.

ಕಳೆದುಕೊಂಡದ್ದರ ಲೆಕ್ಕ ಚಳಿಗಾಲದಲ್ಲೇ ಹೆಚ್ಚು ಕಾಡುತ್ತದೆ. ಜಗುಲಿಯ ಮೇಲೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕೂರುವ ಸುಖ, ಕಿಚ್ಚು ಹಾಯುವ ಎತ್ತುಗಳು, ಸಿದ್ಧಗಂಗೆಯ ಜಾತ್ರೆಯ ದನಗಳ ಸಾಲು, ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದಕ್ಕಿಂತ ನನ್ನನ್ನು ನೋಯಿಸುವುದು ಬೇರೆ. ಅಜ್ಜ ಅಜ್ಜಿಯರನ್ನು ನಾವು ಕರೆಸಿಕೊಳ್ಳುವುದು ಬೇಸಿಗೆಗೆ. ಮೇ ತಿಂಗಳಿಗೆ ಬಂದು ಸೆಪ್ಟೆಂಬರಿಗೆ ಮರಳುತ್ತಾರೆ. ಮೊಮ್ಮಕ್ಕಳು ತೀರ ಚುರುಕಾಗಿರುವ, ಮೂಗು ಕೆಂಪಾಗಿ ಹಿಮದಲ್ಲಿ ಹೊರಳಾಡುವ ಅರ್ಧ ವರ್ಷವನ್ನು ಅವರು ನೋಡುವುದೇ ಇಲ್ಲ. ಆ ಮಕ್ಕಳಿಗೆ ಹಿಮವೇ ತವರು, ಅಜ್ಜಿಗೆ ಅದು ಫೋನಿನ ಪರದೆಯ ಮೇಲಿನ ಬಿಳಿ ಬಣ್ಣ. ಆರೋಗ್ಯ ಗಟ್ಟಿಯಿರುವಾಗಲೇ ಒಮ್ಮೆ ಫೆಬ್ರುವರಿಯಲ್ಲಿ ಕರೆಸಿಕೊಳ್ಳಿ. ಆ ತಿಂಗಳ ಮೂರನೆಯ ಸೋಮವಾರ ಒಂಟೇರಿಯೊದಲ್ಲಿ ಕುಟುಂಬ ದಿನದ ರಜೆ ಇರುತ್ತದೆ. ವುಡ್‌ಬೈನ್ ಕಡಲತೀರದಂಥ ಸರೋವರದ ದಂಡೆಯಲ್ಲಿ, ಜೀವರಕ್ಷಕರು ಕೂರುವ ಕಟ್ಟೆಗಳ ಸುತ್ತ ಕಲಾವಿದರು ವಿಚಿತ್ರ ಆಕಾರಗಳನ್ನು ಕಟ್ಟಿರುತ್ತಾರೆ. 2015ರಿಂದ ನಡೆದುಬಂದಿರುವ ಈ ಪ್ರದರ್ಶನಕ್ಕೆ ವಿಂಟರ್ ಸ್ಟೇಷನ್ಸ್ ಎಂದು ಹೆಸರು. ಅವರನ್ನು ಕೈಹಿಡಿದು ಅಲ್ಲಿಗೆ ನಡೆಸಿ, ಮುಂಜಾನೆಯಾದರೆ ನೆಲ ಮರಗಟ್ಟಿರುತ್ತದೆ, ಮಧ್ಯಾಹ್ನವೇ ಹೋಗಿ. ಊರಿನೆದುರು ಸರೋವರದಲ್ಲಿರುವ ದ್ವೀಪಕ್ಕೆ ದೋಣಿಯಲ್ಲಿ ಹೋಗುವ ಆಸೆಯಿದ್ದರೆ ಚಳಿಗಾಲದಲ್ಲಿ ವಾರ್ಡ್ಸ್ ಐಲೆಂಡಿಗೆ ಮಾತ್ರ ಫೆರ್ರಿ ಇದೆ. ಅಲ್ಲಿಂದ ಹಿಂದಿರುಗಿ ನೋಡಿದರೆ ಇಡೀ ಊರು ನೀರಿನಾಚೆ ನಿಂತಿರುತ್ತದೆ.

ಮಾರ್ಚಿ ಬಂತೆಂದು ಬೂಟುಗಳನ್ನು ಅಟ್ಟಕ್ಕೆ ಹಾಕಬೇಡಿ, ಯುಗಾದಿ ಕಳೆದ ಮೇಲೂ ಹಿಮ ಬೀಳುವುದುಂಟು. ಜಾಕೆಟುಗಳ ಬೆಲೆ ಇಳಿಯುವುದು ಆಗಲೇ, ಮಕ್ಕಳಿಗೆ ಮುಂದಿನ ವರ್ಷಕ್ಕೆ ಒಂದು ಅಳತೆ ದೊಡ್ಡದನ್ನು ಕೊಂಡಿಡಿ. ಈ ವರ್ಷ ಚಿಕ್ಕದಾದ ಸ್ಕೇಟು, ಬೂಟು, ಹಿಮದ ಪ್ಯಾಂಟುಗಳನ್ನು ತೊಳೆದು ಒಣಗಿಸಿ, ಹೊಸದಾಗಿ ಬಂದ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ. ಪಾವಗಡದವರಾಗಲಿ, ಪುತ್ತೂರಿನವರಾಗಲಿ. ಕೊಡುವಾಗ ದಾರ ಕಟ್ಟುವುದನ್ನೂ ತೋರಿಸಿಕೊಡಿ.