ಮೂರನೇ ಸಾಲಿನವರಿಗೆ ಏನು ಸಿಕ್ಕಿತು? ಮಿಡ್ಲ್ ಸ್ಕೂಲ್ ಕಾಯರ್‌ಗೆ ಹಾಡು ಆರಿಸುವ ನನ್ನ ಅನುಭವ

ಶಾಲೆಯ ಕಾಯರ್‌ಗೆ, ಅಂದರೆ ಮಕ್ಕಳ ಗಾಯನ ತಂಡಕ್ಕೆ, ಮೊದಲ ವರ್ಷ ನಾನು ಹಾಡು ಆರಿಸಿದ್ದು ಹೇಗೆ ಅಂತ ಹೇಳಿದರೆ ನಗುತ್ತೀರಿ. ನನಗೆ ಇಷ್ಟವಾದ ಹಾಡುಗಳ ಪಟ್ಟಿ ಮಾಡಿದೆ, ಅದರಲ್ಲಿ ಕೇಳಿದರೆ ಮೈ ಜುಮ್ಮೆನ್ನುವ ಒಂದನ್ನು ಎತ್ತಿಕೊಂಡೆ. ಮೂರು ದನಿಯ ಹಾರ್ಮನಿ (ಮೂರು ಗುಂಪು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡೋದು), ನಿಧಾನ ಗತಿ, ತುಂಬಾ ಗಂಭೀರ. ದೊಡ್ಡವರು ಹಾಡಿದ ರೆಕಾರ್ಡಿಂಗ್ ಕೇಳಿ ಮನಸೋತಿದ್ದೆ. ನನ್ನ ಮುಂದೆ ಕೂತಿದ್ದವರು 11ರಿಂದ 14 ವರ್ಷದ ಮಕ್ಕಳು ಅನ್ನೋದು ಆಗ ತಲೆಗೆ ಬರಲೇ ಇಲ್ಲ.

ಮೂರನೇ ವಾರ. ಮಕ್ಕಳು ಹಾಡುತ್ತಿದ್ದಾಗ ಸುಮ್ನೆ ಸಾಲುಗಳ ಹಿಂದೆ ನಡೆದುಕೊಂಡು ಹೋದೆ. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಬಾಯಿ ಚೆನ್ನಾಗಿ ತೆರೆದು ಹಾಡುತ್ತಿದ್ದ, ಮುಖದಲ್ಲಿ ಭಾವವೂ ಇತ್ತು. ಕಿವಿ ಹತ್ತಿರ ತಂದು ಕೇಳಿದರೆ ಸದ್ದೇ ಇಲ್ಲ. ಬರೀ ತುಟಿ. ಕ್ಲಾಸ್ ಮುಗಿದ ಮೇಲೆ ಮೆಲ್ಲಗೆ ಕೇಳಿದೆ. ‘ಮೇಲೆ ಹೋದ್ರೆ ಒಡೆಯತ್ತೆ ಮಿಸ್, ಕೆಳಗೆ ಹೋದ್ರೆ ಸಿಗಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಮತ್ತೆ ನಮ್ಮ ಲೈನಲ್ಲಿ ಹಾಡೋಕೆ ಏನೂ ಇಲ್ಲ ಮಿಸ್’ ಅಂತಲೂ ಸೇರಿಸಿದ.

ಆ ಎರಡನೇ ಮಾತು ನನಗೆ ಚುಚ್ಚಿತು. ಆವತ್ತು ರಾತ್ರಿ ಮನೆಯಲ್ಲಿ ಕೂತು ಅವನ ಸಾಲನ್ನು, ಅಂದರೆ ಮೂರನೇ ದನಿಗೆ ಬರೆದ ಭಾಗವನ್ನು, ಮಾತ್ರ ಹಾಡಿದೆ. ಪಿಯಾನೋ ಇಲ್ಲ, ಉಳಿದ ಎರಡು ದನಿ ಇಲ್ಲ. ಮೊದಲ ಪುಟವಿಡೀ ನಾಲ್ಕೇ ಸ್ವರ, ಅದರಲ್ಲೂ ಅರ್ಧ ಭಾಗ ‘ಊ’ ಅಂತ ಎಳೆಯೋದು. ಎರಡನೇ ಪುಟದಲ್ಲಿ ಕೊನೆಗೂ ಪದಗಳು ಬಂದವು, ಆದರೆ ರಾಗ ಬರಲಿಲ್ಲ, ಒಂದೇ ಸ್ವರದ ಮೇಲೆ ಕೂತುಬಿಟ್ಟಿತ್ತು. ನನಗೇ ಆಕಳಿಕೆ ಬಂತು. ನಾನು ಮನಸೋತ ಹಾಡು ಮೊದಲ ದನಿಯವರದ್ದು, ಮೂರನೇ ದನಿಯವರು ಅದಕ್ಕೆ ಗೋಡೆ ಥರ ನಿಂತಿದ್ದರು ಅಷ್ಟೇ.

ಅವತ್ತಿನಿಂದ ಒಂದು ಅಭ್ಯಾಸ ಬಿಟ್ಟಿಲ್ಲ. ಹೊಸ ಹಾಡು ಕೈಗೆ ಬಂದರೆ ರೆಕಾರ್ಡಿಂಗ್ ಕೇಳುವ ಮೊದಲು ಅತಿ ಕೆಳಗಿನ ಸಾಲನ್ನು ಒಬ್ಬಳೇ ಹಾಡುತ್ತೇನೆ, ಆಮೇಲೆ ನಡುವಿನದ್ದು, ಮೇಲಿನದ್ದು ಕೊನೆಗೆ. ಪ್ರತಿ ಸಾಲಿನಲ್ಲೂ ಒಂದು ಕಡೆಯಾದರೂ ‘ಇದು ನಮ್ಮದು’ ಅನ್ನುವ ತಿರುವು ಇರಬೇಕು. ಎರಡು ಬಾರ್ (ತಾಳದ ಎರಡು ಸಣ್ಣ ಆವರ್ತ) ಮುಖ್ಯ ರಾಗ ಅವರ ಕೈಗೆ ಬಂದರೂ ಸಾಕು, ಉಳಿದವರು ನಿಲ್ಲಿಸಿದಾಗ ಇವರು ಮಾತ್ರ ಹಾಡುವ ಒಂದು ಪದ ಇದ್ದರೂ ಸಾಕು. ಅದೂ ಇಲ್ಲದಿದ್ದರೆ ಹಾಡು ಎಷ್ಟೇ ಸುಂದರವಾಗಿರಲಿ, ವಾಪಸ್ ಕಪಾಟಿಗೆ.

ಇನ್ನು ಅವನು ಹೇಳಿದ ಮೊದಲನೇ ಮಾತು, ದನಿ ಒಡೆಯೋದು. ಇದಕ್ಕೆ ನಾನು ಮಾಡಿದ ಮೊದಲ ಉಪಾಯ ಇಡೀ ಹಾಡನ್ನು ಕೀಬೋರ್ಡ್‌ನ ಎರಡು ಕೀಯಷ್ಟು ಕೆಳಗೆ ಇಳಿಸಿದ್ದು. ಅವನಿಗೆ ಮೇಲಿನ ಸ್ವರ ಸಿಕ್ಕಿತು, ಪಕ್ಕದವನಿಗೆ ಕೆಳಗಿನ ಸ್ವರ ಹೋಯಿತು. ಆಮೇಲೆ ಓದಿಕೊಂಡೆ. ಜಾನ್ ಕುಕ್ಸಿ ಎಂಬ ಅಮೆರಿಕದ ಸಂಗೀತ ಶಿಕ್ಷಣ ಸಂಶೋಧಕರು 1970ರ ದಶಕದ ಕೊನೆಯಲ್ಲಿ ಹುಡುಗರ ದನಿ ಬದಲಾಗುವುದನ್ನು ಹಂತ ಹಂತವಾಗಿ ವಿಂಗಡಿಸಿ, ಯಾವ ಹಂತದಲ್ಲಿ ಸುಮಾರು ಎಲ್ಲಿಂದ ಎಲ್ಲಿವರೆಗೆ ಹಾಡಬಹುದು ಅಂತ ಗುರುತು ಮಾಡಿದ್ದಾರೆ. ಕೀಬೋರ್ಡ್‌ನ ನಡು ಸಿ ಅನ್ನು ಸಿ4 ಅಂತ ಇಟ್ಟುಕೊಳ್ಳಿ; ಅಕ್ಷರ ಸ್ವರದ ಹೆಸರು, ಅಂಕಿ ಸ್ಥಾಯಿಯದ್ದು, ಅಂಕಿ ಹೆಚ್ಚಿದಷ್ಟೂ ಸ್ವರ ಮೇಲೆ. ದನಿ ಬದಲಾಗದ ಹುಡುಗ ಎ3ರಿಂದ ಎಫ್5ರ ತನಕ ಆರಾಮಾಗಿ ಹಾಡುತ್ತಾನೆ. ಬದಲಾವಣೆಯ ನಡುಮಧ್ಯದಲ್ಲಿ ಇರುವವನು ಎಫ್3ರಿಂದ ಎ4ರ ತನಕ. ಹೊಸ ದನಿ ಈಗಷ್ಟೇ ಬಂದವನು ಬಿ2ರಿಂದ ಡಿ4ರ ಆಸುಪಾಸು. ಈ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ರಾಗ ಹಾಡಿಸಿದರೆ, ಮೂವರಿಗೂ ಸಿಗುವ ಜಾಗ ಎ3ರಿಂದ ಡಿ4ರ ತನಕ ಮಾತ್ರ. ಕರಿ ಬಿಳಿ ಎಲ್ಲ ಸೇರಿಸಿದರೂ ಆರು ಕೀ! ಅಷ್ಟರಲ್ಲಿ ಯಾವ ಹಾಡು ಹಾಡಿಸೋದು ಹೇಳಿ. ಸುಲಭ ಇರಲಿ ಅಂತ ಎಲ್ಲರಿಗೂ ಒಂದೇ ರಾಗ ಕೊಡ್ತೀವಲ್ಲ, ಈ ವಯಸ್ಸಿನಲ್ಲಿ ಅದೇ ಜಾಸ್ತಿ ಕಷ್ಟ. ಹೊಸ ದನಿಯವನು ಒಂದು ಸ್ಥಾಯಿ ಕೆಳಗೆ ಹಾಡಿ ಪಾರಾಗುತ್ತಾನೆ. ನಡುವಿನವನಿಗೆ ಆ ಸ್ಥಾಯಿಯೂ ಇಲ್ಲ, ಈ ಸ್ಥಾಯಿಯೂ ಇಲ್ಲ. ನನ್ನ ತುಟಿ ಹುಡುಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ.

ಹುಡುಗಿಯರ ದನಿಯೂ ಬದಲಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಒಡೆಯೋದು ಕಮ್ಮಿ, ಆದರೆ ದನಿಯಲ್ಲಿ ಗಾಳಿ ಸೇರಿಕೊಂಡ ಹಾಗೆ ಕೇಳುತ್ತದೆ. ಗಟ್ಟಿಯಾಗಿ ಹಾಡು ಅಂತ ಗದರಿಸಿದರೆ ಏನೂ ಆಗಲ್ಲ, ಕುತ್ತಿಗೆ ಬಿಗಿ ಮಾಡಿಕೊಳ್ಳುತ್ತಾರೆ ಅಷ್ಟೇ. ಮತ್ತೆ ಒಬ್ಬಳಿಗೆ ನೋಟೇಶನ್ ಓದಲು ಬರುತ್ತೆ ಅನ್ನೋ ಕಾರಣಕ್ಕೆ ಮೂರು ವರ್ಷವೂ ಕೆಳಗಿನ ದನಿಗೆ ಹಾಕೋದು ಅನ್ಯಾಯ. ನಾನೂ ಮಾಡಿದ್ದೀನಿ. ಈಗ ಹಾಡಿನಿಂದ ಹಾಡಿಗೆ ಸಾಲು ಬದಲಿಸುತ್ತೇನೆ.

ಹಾಡು ಆರಿಸುವ ಮೊದಲು ಯಾರ ದನಿ ಎಲ್ಲಿದೆ ಅಂತ ನೋಡಲು ಒಂದು ಸರಳ ದಾರಿ ಇದೆ. ‘ಇಪ್ಪತ್ತರಿಂದ ಹಿಂದಕ್ಕೆ ಎಣಿಸು’ ಅನ್ನುತ್ತೇನೆ. ಎಣಿಕೆಯ ಕಡೆ ಗಮನ ಹೋಗಿ ದನಿ ತನ್ನ ಸಹಜ ಜಾಗಕ್ಕೆ ಬರುತ್ತದೆ. ಆ ಮಾತಿನ ಸ್ವರವನ್ನು ಕೀಬೋರ್ಡ್‌ನಲ್ಲಿ ಹುಡುಕುತ್ತೇನೆ. ಹಾಡಿನಲ್ಲಿ ಅವರು ಮುಟ್ಟಬಹುದಾದ ತಳ ಸಾಮಾನ್ಯವಾಗಿ ಅದಕ್ಕಿಂತ ಮೂರು ನಾಲ್ಕು ಕೀ ಕೆಳಗೆ ಇರುತ್ತದೆ. ಒಬ್ಬೊಬ್ಬರನ್ನೇ ಎಲ್ಲರ ಎದುರು ನಿಲ್ಲಿಸಬೇಡಿ, ಮೂವರು ಮೂವರು ಸ್ನೇಹಿತರನ್ನು ಒಟ್ಟಿಗೆ ಕರೆಯಿರಿ. ಆರು ವಾರಕ್ಕೊಮ್ಮೆ ಮತ್ತೆ ನೋಡುತ್ತೇನೆ, ಯಾಕಂದರೆ ರಜೆ ಮುಗಿಸಿ ಬರುವಷ್ಟರಲ್ಲಿ ಕೆಲವರ ದನಿಯ ಗುರುತೇ ಸಿಗಲ್ಲ. ಗುಂಪುಗಳಿಗೆ ‘ಹುಡುಗರು, ಹುಡುಗಿಯರು’ ಅಂತ ಹೆಸರಿಡಲ್ಲ. ಒಂದು, ಎರಡು, ಮೂರು. ದನಿ ಬದಲಾಗದ ಹುಡುಗ ಒಂದನೇ ಗುಂಪಿಗೆ ಹೋದರೆ ಯಾರೂ ಕಿಸಕ್ಕನೆ ನಗಬಾರದು ನೋಡಿ.

ನೋಟೇಶನ್ ಹಾಳೆ ನೋಡುವಾಗ ಅತಿ ಮೇಲಿನ ಸ್ವರ ಯಾವುದು ಅನ್ನೋದಷ್ಟೇ ನೋಡಿ ಮೋಸಹೋಗಬೇಡಿ. ಹಾಡು ಹೆಚ್ಚು ಹೊತ್ತು ಎಲ್ಲಿ ಓಡಾಡುತ್ತದೆ ಅನ್ನೋದು ಮುಖ್ಯ. ಒಂದು ಸಲ ಎತ್ತರಕ್ಕೆ ಹಾರಿ ಇಳಿದರೆ ಮಕ್ಕಳಿಗೆ ಅದು ಖುಷಿಯೇ. ಅಲ್ಲೇ ಎರಡು ಸಾಲು ಕೂರಿಸಿದರೆ ಗಂಟಲು ಸೋಲುತ್ತದೆ.

ಪದಗಳ ವಿಷಯಕ್ಕೆ ಬಂದರೆ, ಈ ವಯಸ್ಸಿನವರಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ ಚಿಕ್ಕ ಮಕ್ಕಳ ಹಾಡು ಹಾಡಿಸೋದು. ಕಷ್ಟದ ಹಾಡಿಗೆ ಗೊಣಗುತ್ತಾರೆ, ಕಲಿಯುತ್ತಾರೆ. ಬೆಕ್ಕು, ಚಿಟ್ಟೆ, ಕಾಮನಬಿಲ್ಲು ಬಂದರೆ ಮುಖ ತಿರುಗಿಸುತ್ತಾರೆ. ಹಾಗಂತ ಪ್ರೇಮಗೀತೆ ಕೊಟ್ಟರೆ ಒಂದು ಪದಕ್ಕೆ ಇಡೀ ಕೋಣೆ ಮುಸಿಮುಸಿ ನಗುತ್ತದೆ, ಆವತ್ತಿನ ಪಾಠ ಅಲ್ಲಿಗೆ ಮುಗೀತು. ತಮಾಷೆ ಹಾಡು ಎರಡು ವಾರ ತಮಾಷೆ, ಮೂರನೇ ವಾರದಿಂದ ಶಿಕ್ಷೆ. ನನ್ನ ಮಕ್ಕಳಿಗೆ ಹಿಡಿಸಿದ್ದು ಪ್ರಯಾಣ, ರಾತ್ರಿ, ಬಿರುಗಾಳಿ, ಜಗಳ ಮುಗಿದ ಮೇಲಿನ ಸ್ನೇಹ, ಇಂಥವು. ಇನ್ನೊಂದು ನಾನು ನಿರೀಕ್ಷಿಸಿರಲಿಲ್ಲ: ಯಾರಿಗೂ ಗೊತ್ತಿಲ್ಲದ ಭಾಷೆಯ ಹಾಡು. ಅರ್ಥ ಹೇಳಿಕೊಟ್ಟ ಮೇಲೆ ಅದನ್ನು ಗುಟ್ಟಿನ ಭಾಷೆಯ ಹಾಗೆ ಹಾಡಿದರು. ಅಲ್ಲಿ ಎಲ್ಲರೂ ಸೊನ್ನೆಯಿಂದ ಶುರು, ಯಾರೂ ಜಾಣರಲ್ಲ.

‘ಮಕ್ಕಳನ್ನೇ ಕೇಳಿ ಆರಿಸಬಹುದಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಕೇಳಿದ್ದೆ. ಎಲ್ಲರೂ ಸೇರಿ ಆಗ ಎಲ್ಲರ ಫೋನಿನಲ್ಲಿದ್ದ ಒಂದು ಜನಪ್ರಿಯ ಹಾಡಿಗೆ ಕೈ ಎತ್ತಿದರು. ಮೊದಲ ದಿನ ಹಬ್ಬ. ನಾಲ್ಕನೇ ದಿನಕ್ಕೆ ಗೊತ್ತಾಯಿತು, ಅದು ಒಬ್ಬ ಗಾಯಕಿಗಾಗಿ ಮಾಡಿದ ಹಾಡು. ಪ್ರತಿ ಚರಣದಲ್ಲೂ ಪದ ಬೀಳುವ ಜಾಗ ಬೇರೆ ಬೇರೆ, ಆಕೆಗೆ ಅದು ಶೈಲಿ. ನಲವತ್ತು ಜನ ಒಟ್ಟಿಗೆ ಹಾಡಿದಾಗ ಕಲಸುಮೇಲೋಗರವಾಯಿತು. ಕೇಳೋಕೆ ಇಷ್ಟವಾದದ್ದೆಲ್ಲ ಹಾಡೋಕೆ ಇಷ್ಟ ಆಗಲ್ಲ, ಇದು ಅವರಿಗೂ ಗೊತ್ತಿರಲಿಲ್ಲ. ಈಗ ನಾನು ಜರಡಿ ಹಿಡಿದು ಐದು ಹಾಡು ತರುತ್ತೇನೆ. ರೆಕಾರ್ಡಿಂಗ್ ಹಾಕಲ್ಲ. ಪ್ರತಿಯೊಂದರ ಎಂಟು ಬಾರ್ ಕಲಿಸಿ ಹಾಡಿಸುತ್ತೇನೆ, ಆಮೇಲೆ ಚೀಟಿಯಲ್ಲಿ ಬರೆದು ಮತ ಹಾಕುತ್ತಾರೆ. ಕೈ ಎತ್ತಿಸಿದರೆ ಇಬ್ಬರು ದೊಡ್ಡ ಬಾಯಿಯವರ ಆಯ್ಕೆಯೇ ಎಲ್ಲರ ಆಯ್ಕೆ ಆಗಿಬಿಡುತ್ತದೆ. ಐದರಲ್ಲಿ ಎರಡು ಅವರದ್ದು, ಒಂದು ನನ್ನ ಹಟ.

ಮೊದಲ ಕ್ಲಾಸಿಗೆ ಮಾತ್ರ ಯಾವಾಗಲೂ ಸುತ್ತಿನ ಹಾಡು. ಒಂದೇ ರಾಗ, ಒಂದು ಗುಂಪು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪು ಹಿಂದಿನಿಂದ ಸೇರೋದು. ಹತ್ತು ನಿಮಿಷದಲ್ಲಿ ಹಾರ್ಮನಿ ಕಿವಿಗೆ ಬೀಳುತ್ತದೆ, ಎಲ್ಲರಿಗೂ ಇಡೀ ರಾಗ ಸಿಕ್ಕಿರುತ್ತದೆ. ರಾಗ ಅಗಲವಾಗಿದ್ದರೆ ದನಿ ಬದಲಾಗುತ್ತಿರುವವರಿಗೆ ಅದು ಸಿಗಲ್ಲ, ಅವರಿಗೆ ಮೂರು ನಾಲ್ಕು ಸ್ವರದ ಒಂದು ತುಣುಕು ನಾನೇ ಕಟ್ಟಿ ಕೊಡುತ್ತೇನೆ, ಕೆಳಗೆ ಮತ್ತೆ ಮತ್ತೆ ಸುತ್ತುತ್ತಾ ಇರೋದು. ಎರಡು ಬೇರೆ ಬೇರೆ ಹಾಡು ಒಂದರ ಮೇಲೊಂದು ಕೂರುವ ಜೋಡಿ ಹಾಡುಗಳೂ ಇದೇ ಕಾರಣಕ್ಕೆ ನನಗೆ ಇಷ್ಟ, ಅಲ್ಲಿ ಗೋಡೆ ಥರ ನಿಲ್ಲುವವರು ಯಾರೂ ಇರಲ್ಲ.

ಆ ಗಂಭೀರ ಹಾಡನ್ನು ನಾಲ್ಕನೇ ವಾರ ಕೈಬಿಟ್ಟೆ. ಅದರ ಬದಲು ತಂದದ್ದರಲ್ಲಿ ಎರಡನೇ ಚರಣದ ರಾಗ ಪೂರ್ತಿ ಮೂರನೇ ದನಿಗೆ ಇತ್ತು, ಜಿ3ರಿಂದ ಎಫ್4ರ ಒಳಗೆ. ಹೊಸ ದನಿಯವರು ಮೇಲೆ ಸಿಗದ ಕಡೆ ಒಂದು ಸ್ಥಾಯಿ ಇಳಿದುಕೊಂಡರು. ಮುಂದಿನ ವಾರ ಮತ್ತೆ ಸಾಲುಗಳ ಹಿಂದೆ ನಡೆದೆ. ಅವನ ಹತ್ತಿರ ಬಂದಾಗ ದನಿ ಕೇಳಿಸಿತು, ಅಷ್ಟು ಚೆನ್ನಾಗೇನೂ ಇರಲಿಲ್ಲ, ನಡುವೆ ಒಂದು ಕಡೆ ಒಡೆಯಿತು. ಪಕ್ಕದವನು ಮೊಣಕೈಯಿಂದ ತಿವಿದ. ಇವನು ವಾಪಸ್ ತಿವಿದು ಹಾಡು ಮುಂದುವರಿಸಿದ.