ಒಂದು ಶಿಲ್ಲಿಂಗಿನಿಂದ ಶುರು ಮಾಡಿ: ಬ್ರಿಟನ್ನಿನ ಬೆಳ್ಳಿ ನಾಣ್ಯ, ಟೋಕನ್ ಕೂಡಿಸುವ ಬಗೆ

ಬ್ರಿಟನ್ನಿನ ಬೆಳ್ಳಿ ನಾಣ್ಯ ಎಂದು ಜನ ನನ್ನ ಮುಂದೆ ತಂದಿಡುವುದು ಹೆಚ್ಚಾಗಿ ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು. ರಾಣಿ ಅವರದು, ನಾಣ್ಯ ನಮ್ಮದು. ಅದು ಅಚ್ಚಾದದ್ದು ಇಲ್ಲಿನ ಟಂಕಸಾಲೆಗಳಲ್ಲಿ. ಬ್ರಿಟನ್ನಿನ ಸ್ವಂತ ನಾಣ್ಯಗಳ ಲೆಕ್ಕವೇ ಬೇರೆ. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. 1971ರ ಫೆಬ್ರವರಿ 15ರಂದು ದಶಮಾಂಶ ಪದ್ಧತಿ ಬರುವವರೆಗೂ ಇದೇ ನಡೆಯಿತು. ಎರಡು ಶಿಲ್ಲಿಂಗಿನದು ಫ್ಲಾರಿನ್, ಎರಡೂವರೆಯದು ಹಾಫ್ ಕ್ರೌನ್, ಐದರದು ಕ್ರೌನ್. ಈ ಹೆಸರುಗಳನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಒಂದನ್ನೇ ಆರಿಸಿಕೊಳ್ಳಿ

ಕಂಡದ್ದನ್ನೆಲ್ಲ ಕೊಳ್ಳುವವರ ಡಬ್ಬಿ ಬೇಗ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ: 1816ರಿಂದ 1946ರವರೆಗಿನ ಶಿಲ್ಲಿಂಗನ್ನು ಮಾತ್ರ ಹಿಡಿಯಿರಿ. 1816ರಲ್ಲಿ ಬ್ರಿಟನ್ ತನ್ನ ಬೆಳ್ಳಿ ನಾಣ್ಯಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಲು ಶುರು ಮಾಡಿ, ಒಂದು ಟ್ರಾಯ್ ಪೌಂಡ್ (ಬೆಳ್ಳಿ–ಬಂಗಾರ ತೂಗುವ ಅಳತೆ, ಸುಮಾರು 373 ಗ್ರಾಂ) ಬೆಳ್ಳಿಗೆ 66 ಶಿಲ್ಲಿಂಗ್ ಎಂದು ಗೊತ್ತುಮಾಡಿತು. ಹಾಗಾಗಿ ಒಂದೊಂದರ ತೂಕ ಸುಮಾರು 5.65 ಗ್ರಾಂ. ಮುಂದೆ ರಾಜರು ಬದಲಾದರು, ಬೆಳ್ಳಿಯ ಪಾಲು ಕುಗ್ಗಿತು, ಈ ತೂಕ ಮಾತ್ರ ಬದಲಾಗಲಿಲ್ಲ. ಆರು ಪೆನ್ನಿಯ ನಾಣ್ಯ ಇದರ ಅರ್ಧ, 2.83 ಗ್ರಾಂ, ಹಾಫ್ ಕ್ರೌನ್ ಎರಡೂವರೆ ಪಟ್ಟು, 14.14 ಗ್ರಾಂ. ಒಂದರ ತೂಕ ನೆನಪಿದ್ದರೆ ಉಳಿದವುಗಳ ತೂಕ ತಾನಾಗಿ ಬರುತ್ತದೆ.

ಎರಡನೆಯ ಹೆಜ್ಜೆ: ಇಸವಿ ಓದಿ

1919ರವರೆಗಿನ ನಾಣ್ಯದಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ. ಮೊದಲ ಮಹಾಯುದ್ಧದ ನಂತರ ಬೆಳ್ಳಿಯ ಬೆಲೆ ಏರಿ, ನಾಣ್ಯದೊಳಗಿನ ಲೋಹ ಅದರ ಮುಖಬೆಲೆಯನ್ನೇ ಮೀರಿಸಿತು. ಆದ್ದರಿಂದ 1920ರಲ್ಲಿ ಬೆಳ್ಳಿಯನ್ನು 50 ಪಾಲಿಗೆ ಇಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಿಂದ ಕಡ ತಂದಿದ್ದ ಬೆಳ್ಳಿಯನ್ನು ಹಿಂದಿರುಗಿಸಬೇಕಾಗಿ ಬಂದಾಗ, 1947ರಿಂದ ಬೆಳ್ಳಿಯನ್ನೇ ಬಿಟ್ಟು ತಾಮ್ರ–ನಿಕ್ಕಲ್ ಮಿಶ್ರಣಕ್ಕೆ ಇಳಿದರು. ಹೀಗೆ 1919ರ ಶಿಲ್ಲಿಂಗಿನಲ್ಲಿ 5.2 ಗ್ರಾಂ ಶುದ್ಧ ಬೆಳ್ಳಿ ಇದ್ದರೆ, 1920ರದರಲ್ಲಿ 2.8 ಗ್ರಾಂ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸವೆದ ಕಡೆ ಎರಡನೆಯದು ಕಂದು ತಿರುಗಿರುತ್ತದೆ.

ಲ್ಯಾಟಿನ್ ಬರಹದಲ್ಲಿ ನಮಗೆ ಸಂಬಂಧಪಟ್ಟ ಒಂದು ಗುರುತಿದೆ. 1893ರಲ್ಲಿ ಮುದಿ ವಿಕ್ಟೋರಿಯಾಳ ಮುಸುಕಿನ ಚಿತ್ರದೊಂದಿಗೆ ‘ಇಂಡ್ ಇಂಪ್’ ಎಂಬ ಅಕ್ಷರಗಳು ಬ್ರಿಟನ್ನಿನ ನಾಣ್ಯದ ಮೇಲೆ ಬಂದವು. ಆಕೆ ಇಂಡಿಯಾದ ಸಾಮ್ರಾಜ್ಞಿ ಎಂದು ಅದರ ಅರ್ಥ. 1949ರ ನಾಣ್ಯಗಳಲ್ಲಿ ಆ ಅಕ್ಷರಗಳಿಲ್ಲ. 1948ರ ಶಿಲ್ಲಿಂಗನ್ನೂ 1949ರದನ್ನೂ ನಾನು ಒಂದೇ ಪುಟದಲ್ಲಿ ಇಟ್ಟಿದ್ದೇನೆ. ಅವುಗಳಲ್ಲಿ ಬೆಳ್ಳಿಯಿಲ್ಲ, ಆದರೂ ನನ್ನ ಸಂಗ್ರಹದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಪುಟ ಅದೇ.

ಅಕ್ಷರ ಬಿಟ್ಟುಹೋಗಿ ಗದ್ದಲವಾದದ್ದೂ ಉಂಟು. 1849ರ ಫ್ಲಾರಿನ್ನಿನಲ್ಲಿ ‘ದೇವರ ಕೃಪೆಯಿಂದ’ ಎಂಬ ಅರ್ಥದ ಲ್ಯಾಟಿನ್ ಪದಗಳು ಇರಲಿಲ್ಲ. ಜನ ಸಿಟ್ಟಾದರು, ಅದಕ್ಕೆ ‘ದೇವರಿಲ್ಲದ ಫ್ಲಾರಿನ್’ ಎಂಬ ಹೆಸರೇ ಬಿತ್ತು.

ಮೂರನೆಯ ಹೆಜ್ಜೆ: ತೂಗಿ, ಅಂಚು ನೋಡಿ

ಗ್ರಾಮಿನ ನೂರನೆಯ ಒಂದು ಪಾಲನ್ನು ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ಹಿರಿದು ಮಾಡುವ ಭೂತಗನ್ನಡಿ, ಒಂದು ಅಯಸ್ಕಾಂತ ಸಾಕು. ಸವೆದ ನಾಣ್ಯ ತುಸು ಹಗುರವಾಗಿರುವುದು ಸಹಜ. ಹೆಚ್ಚು ತೂಗಿದರೆ ಅನುಮಾನಿಸಿ. ಅಯಸ್ಕಾಂತಕ್ಕೆ ಅಂಟಿದ್ದು ಖಂಡಿತ ಬೆಳ್ಳಿಯಲ್ಲ. ಆದರೆ ಅಂಟದ್ದೆಲ್ಲ ಬೆಳ್ಳಿಯೂ ಅಲ್ಲ, 1947ರ ನಂತರದ ಮಿಶ್ರಲೋಹವೂ ಅಂಟುವುದಿಲ್ಲ. ಅಂಚಿನ ಗೀರುಗಳ ನಡುವೆ ಸುತ್ತಲೂ ಸಣ್ಣ ಬೆಸುಗೆ ಗೆರೆ ಕಂಡರೆ ಅದು ಎರಕ ಹೊಯ್ದ ನಕಲಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ತೊಳೆಯಬೇಡಿ

ಹಬ್ಬ ಬಂತೆಂದರೆ ನಮ್ಮ ಮನೆಗಳಲ್ಲಿ ಬೆಳ್ಳಿಗೆ ಹುಣಸೆಹಣ್ಣು, ವಿಭೂತಿ ಬೀಳುತ್ತವೆ. ದೀಪಕ್ಕೆ, ಬಟ್ಟಲಿಗೆ ಅದು ಸರಿ. ನಾಣ್ಯಕ್ಕೆ ಅದು ಸಾವು. ಕಾಲ ಕಳೆದಂತೆ ಬೆಳ್ಳಿಯ ಮೇಲೆ ಕೂಡುವ ಬೂದು, ನೀಲಿ, ಕಪ್ಪು ಛಾಯೆಯನ್ನು ಉಜ್ಜಿ ತೆಗೆದರೆ ಅದರೊಂದಿಗೆ ಮೇಲ್ಮೈಯೂ ಹೋಗುತ್ತದೆ. ನಾನು ಶುರುವಿನಲ್ಲಿ 1887ರ ಒಳ್ಳೆಯ ಶಿಲ್ಲಿಂಗೊಂದನ್ನು ಹಲ್ಲುಪುಡಿಯಿಂದ ಉಜ್ಜಿದೆ. ಹೊಳಪು ಬಂತು, ಅದರೊಂದಿಗೆ ಸಾವಿರ ಕೂದಲೆಳೆ ಗೀರುಗಳೂ ಬಂದವು. ಇಂದಿಗೂ ಅದನ್ನು ನೋಡಿದರೆ ಸಂಕಟವಾಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಪಿವಿಸಿ ಹಾಳೆಯ ಆಲ್ಬಂ ಬೇಡ, ಅದು ಹಸಿರು ಜಿಡ್ಡು ಬಿಡುತ್ತದೆ.

ಸ್ಥಿತಿಯನ್ನು ಅಳೆಯುವಾಗ ಬ್ರಿಟನ್ನಿನ ಮಾತುಗಳು ದಾರಿ ತಪ್ಪಿಸಬಹುದು. ಅಲ್ಲಿ ‘ಗುಡ್’ ಎಂದರೆ ಚೆನ್ನಾಗಿ ಸವೆದದ್ದು. ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’ ಎಂದು ಮೇಲೇರುತ್ತದೆ. ಕೈಗೆಟುಕುವ ಬೆಲೆಯಲ್ಲಿ ‘ವೆರಿ ಫೈನ್’ ಸಿಕ್ಕರೆ ಹಿಂಜರಿಯಬೇಡಿ.

ಐದನೆಯ ಹೆಜ್ಜೆ: ಟೋಕನ್‌ಗಳ ಕಡೆಗೆ

ಕೈ ಪಳಗಿದ ಮೇಲೆ ಇಲ್ಲಿಗೆ ಬನ್ನಿ. ಟೋಕನ್ ಎಂದರೆ ಸರ್ಕಾರದ ನಾಣ್ಯ ಸಾಲದಾದಾಗ ಅದರ ಬದಲಿಗೆ ಬ್ಯಾಂಕುಗಳು, ವರ್ತಕರು ಹೊರಡಿಸಿದ ಬಿಲ್ಲೆ. ಫ್ರಾನ್ಸಿನೊಂದಿಗೆ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೆಳ್ಳಿ ಚಿಲ್ಲರೆಯೇ ಇರಲಿಲ್ಲ. 1787ರ ನಂತರ ಶಿಲ್ಲಿಂಗುಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಾಗಿರಲಿಲ್ಲ. ಇದ್ದವನ್ನು ಜನ ಬಚ್ಚಿಟ್ಟರು, ಇಲ್ಲವೇ ಕರಗಿಸಿದರು. ಬ್ಯಾಂಕ್ ಆಫ್ ಇಂಗ್ಲೆಂಡ್ 1797ರಲ್ಲಿ ತನ್ನಲ್ಲಿದ್ದ ಸ್ಪೇನಿನ ಎಂಟು ರಿಯಾಲ್ ಮುಖಬೆಲೆಯ ಬೆಳ್ಳಿ ನಾಣ್ಯಗಳ ಮೇಲೆ ಮೂರನೆಯ ಜಾರ್ಜ್‌ನ ಪುಟ್ಟ ಮುಖವನ್ನು ಒತ್ತಿ ಚಲಾವಣೆಗೆ ಬಿಟ್ಟಿತು. ಸ್ಪೇನಿನ ದೊರೆಯ ಕುತ್ತಿಗೆಯ ಮೇಲೆ ಇಂಗ್ಲೆಂಡಿನ ದೊರೆಯ ತಲೆ! ಅದನ್ನು ನಕಲು ಮಾಡುವುದು ಬಹಳ ಸುಲಭವಾಗಿತ್ತು. ಆದ್ದರಿಂದ 1804ರಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೌಲ್ಟನ್‌ನ ಸೋಹೋ ಟಂಕಸಾಲೆ ಅದೇ ಸ್ಪೇನಿನ ನಾಣ್ಯಗಳ ಮೇಲೆ ಹಬೆಯಂತ್ರದ ಬಲದಿಂದ ಪೂರಾ ಹೊಸ ಅಚ್ಚು ಒತ್ತಿತು. ಅದೇ ಐದು ಶಿಲ್ಲಿಂಗಿನ ಡಾಲರ್.

ಎಂಥ ಒತ್ತಡಕ್ಕೂ ಹಳೆಯ ಅಚ್ಚು ಪೂರ್ತಿ ಅಳಿಯದೆ ಉಳಿದದ್ದುಂಟು. ಈ ಡಾಲರನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಬ್ರಿಟಾನಿಯಾ ದೇವಿಯ ಚಿತ್ರದ ಪಕ್ಕದಲ್ಲೋ, ಅಂಚಿನ ಬಳಿಯೋ ಸ್ಪೇನಿನ ಅಕ್ಷರವೊಂದು, ಇಸವಿಯ ಅಂಕಿಯೊಂದು ಮಸುಕಾಗಿ ಮೇಲೇಳಬಹುದು. ಸಂಗ್ರಾಹಕರು ಹುಡುಕುವುದು ಇದನ್ನೇ.

1811ರಿಂದ 1816ರವರೆಗೆ ಅದೇ ಬ್ಯಾಂಕು ಮೂರು ಶಿಲ್ಲಿಂಗ್ ಹಾಗೂ ಒಂದೂವರೆ ಶಿಲ್ಲಿಂಗಿನ ಬೆಳ್ಳಿ ಟೋಕನ್‌ಗಳನ್ನು ಹೊರಡಿಸಿತು. ದೊಡ್ಡದು ಸುಮಾರು 14.7 ಗ್ರಾಂ. ಮೊದಲ ಟೋಕನ್ ಕೊಳ್ಳುವವರಿಗೆ ಇದೇ ಸೂಕ್ತ. 1816ರ ಮೂರು ಶಿಲ್ಲಿಂಗ್ ಬಿಟ್ಟು ಉಳಿದ ಇಸವಿಗಳು ಸಾಕಷ್ಟು ಸಿಗುತ್ತವೆ. ಇದಲ್ಲದೆ 1811–12ರಲ್ಲಿ ಬ್ರಿಸ್ಟಲ್, ಯಾರ್ಕ್, ಶೆಫೀಲ್ಡ್ ಮುಂತಾದ ಊರುಗಳ ವರ್ತಕರು, ಬ್ಯಾಂಕಿನವರು ತಮ್ಮದೇ ಶಿಲ್ಲಿಂಗ್ ಟೋಕನ್ ಮಾಡಿಸಿದರು. ಊರಿನ ಲಾಂಛನ, ಹಣ ಕೊಡುವ ಅಂಗಡಿಯ ಹೆಸರು ಅದರ ಮೇಲೇ ಇರುತ್ತದೆ. 1817ರ ಫೆಬ್ರವರಿಯಲ್ಲಿ ಹೊಸ ಶಿಲ್ಲಿಂಗುಗಳು ಜನರ ಕೈ ಸೇರಿದ ಮೇಲೆ ಟೋಕನ್‌ಗಳ ಕಾಲ ಮುಗಿಯಿತು.

ಕೊಳ್ಳುವಾಗ

ಸವೆದ ಸಾಮಾನ್ಯ ಇಸವಿಯ ನಾಣ್ಯ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲೇ ದೊರೆಯಬೇಕು. ಅಂದಿನ ಬೆಳ್ಳಿ ದರವನ್ನು ಮೇಲೆ ಹೇಳಿದ ಶುದ್ಧ ಬೆಳ್ಳಿಯ ತೂಕದಿಂದ ಗುಣಿಸಿಕೊಂಡೇ ಅಂಗಡಿಗೆ ಹೋಗಿ. 1,66,008 ಮಾತ್ರ ಅಚ್ಚಾದ 1905ರ ಹಾಫ್ ಕ್ರೌನ್, ಬರೀ 932 ಅಚ್ಚಾದ 1934ರ ಕ್ರೌನ್ ಯಾರಾದರೂ ಅಗ್ಗಕ್ಕೆ ತೋರಿಸಿದರೆ ಕೈ ಮುಗಿದು ಬನ್ನಿ. ಪ್ರತಿ ನಾಣ್ಯಕ್ಕೂ ಕೊಂಡ ದಿನ, ಸ್ಥಳ, ಬೆಲೆ, ತೂಕ ಬರೆದಿಡಿ. ರಸೀದಿ ಬಿಸಾಡಬೇಡಿ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ರಜೆಗೆ ಊರಿಗೆ ಬರುವಾಗ ಮನೆಯವರಿಗೆ ತೋರಿಸಬೇಕೆನಿಸಿದರೆ ಆಲ್ಬಂ ಅಲ್ಲೇ ಬಿಟ್ಟು, ಒಳ್ಳೆಯ ಫೋಟೊಗಳನ್ನು ತನ್ನಿ.