ಮುಳ್ಳು ಮೂರು ಸಾವಿರ ದಾಟಿದರೆ ಎಂಜಿನ್ ಸವೆಯುತ್ತದೆಯೇ?

ಬೆಳಗಾವಿಯಿಂದ ನಿಪ್ಪಾಣಿ ಕಡೆ ಹೊರಟರೆ ಕಾಕತಿ ದಾಟುವಷ್ಟರಲ್ಲಿ ನಮ್ಮ ಕಾಕಾ ರಸ್ತೆ ನೋಡುವುದನ್ನು ಬಿಟ್ಟು ಡ್ಯಾಶ್‌ಬೋರ್ಡ್‌ನಲ್ಲಿ ಆರ್‌ಪಿಎಂ ಮುಳ್ಳನ್ನು, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎಂದು ತೋರಿಸುವ ಮುಳ್ಳನ್ನು, ನೋಡತೊಡಗುತ್ತಾರೆ. "ತಮ್ಮಾ, ಮುಳ್ಳು ಮೂರು ಸಾವಿರ ಮುಟ್ಟೇತಿ ನೋಡು. ಕಡಿಮಿ ಮಾಡು. ಎಂಜಿನ್ ಸವದು ಹೋಗತೈತಿ." ಕಾರು ಐದನೇ ಗೇರಿನಲ್ಲಿ, ನೂರರ ವೇಗದಲ್ಲಿ ಆರಾಮವಾಗಿ ಓಡುತ್ತಿರುತ್ತದೆ. ಇನ್ನೊಂದು ಗೇರು ಹಾಕೋಣವೆಂದರೆ ಇರುವುದೇ ಐದು. ವೇಗವನ್ನು ಎಂಬತ್ತಕ್ಕೆ ಇಳಿಸಿದರೆ ಮುಳ್ಳು 2,400ಕ್ಕೆ ಬರುತ್ತದೆ. ಆಮೇಲೆ ಕಾಕಾ ಸೀಟಿಗೆ ಒರಗುತ್ತಾರೆ.

ಕಾಕಾ ಅಂಬಾಸಿಡರ್ ಓಡಿಸಿದವರು. ಆ ಗಾಡಿಗೆ ಅವರ ಮಾತು ಒಪ್ಪುತ್ತಿತ್ತು. ಅದರ 1,489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಮೇಲಿನಿಂದ ಕೆಳಕ್ಕೆ ಹೋಗುವ ದೂರ, ಅಂದರೆ ಸ್ಟ್ರೋಕ್, ಸುಮಾರು 89 ಮಿಲಿಮೀಟರ್. ಮೂರು ಸಾವಿರ ಆರ್‌ಪಿಎಂನಲ್ಲಿ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಓಡಾಡುತ್ತದೆ. ಈಗ ಮಾರುತಿ ಗಾಡಿಗಳಲ್ಲಿ ಮನೆಮಾತಾಗಿರುವ 1.2 ಲೀಟರ್ ಕೆ-ಸರಣಿಯ ಎಂಜಿನ್ನಿನ ಸ್ಟ್ರೋಕ್ 71.5 ಮಿಲಿಮೀಟರ್. ಅದೇ ಮೂರು ಸಾವಿರದಲ್ಲಿ ಅದರ ಪಿಸ್ಟನ್ನಿನ ವೇಗ 7.15 ಮೀಟರ್ ಮಾತ್ರ. ಅಂಬಾಸಿಡರಿನ ಪಿಸ್ಟನ್ ಪಟ್ಟ ಪಾಡನ್ನು ಇದು ಪಡಬೇಕಾದರೆ ಮುಳ್ಳು 3,700 ದಾಟಬೇಕು. ಮೇಲಾಗಿ ಆ ಗಾಡಿಗೆ ಇದ್ದದ್ದು ನಾಲ್ಕೇ ಗೇರು. ಕಾಕಾನ ಕಿವಿ ಆ ಗಾಡಿಯಲ್ಲಿ ಪಳಗಿದೆ, ಕೂತಿರುವುದು ಮಾತ್ರ ಈ ಗಾಡಿಯಲ್ಲಿ.

ಎಂಜಿನ್ ಸವೆಯುವುದು ಯಾವಾಗ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದರೂ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಲೇ ಇರುತ್ತದೆ, ಎಣ್ಣೆ ಉಜ್ಜಾಟವನ್ನು ಕಡಿಮೆ ಮಾಡುತ್ತದೆ ಅಷ್ಟೇ. ಕಾರಿನ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳ ಓಡಾಟವನ್ನು ಸುತ್ತಾಟವಾಗಿಸುವ ಅಚ್ಚು, ಹಾಗಲ್ಲ. ಸುತ್ತುವ ವೇಗಕ್ಕೆ ಅದು ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಆ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ಖಾನಾಪುರ ರಸ್ತೆಯಲ್ಲಿ ನೀರು ನಿಂತ ಕಡೆ ಜೋರಾಗಿ ಹೋದರೆ ಟೈರು ನೆಲ ಬಿಟ್ಟು ತೇಲುತ್ತದಲ್ಲ, ಅದೇ ಲೆಕ್ಕ. ನಿಧಾನವಾಗಿ ಹೋದರೆ ತೇಲುವುದಿಲ್ಲ. ಟೈರಿಗೆ ತೇಲುವುದು ಗಂಡಾಂತರ, ಅಚ್ಚನ್ನು ಹೊತ್ತಿರುವ ಬೇರಿಂಗಿಗೆ ತೇಲುವುದೇ ಜೀವ.

ಇದು ಗೊತ್ತಾದದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ. ಬೋಷಂ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗ್ ಪರೀಕ್ಷೆ ಮಾಡುತ್ತ, ಎಣ್ಣೆ ಬಿಡಲೆಂದು ಅದರ ನೆತ್ತಿಗೆ ತೂತು ಕೊರೆದರು. ಅಚ್ಚು ತಿರುಗಿದಾಗ ಎಣ್ಣೆ ಆ ತೂತಿನಿಂದಲೇ ಹೊರಗೆ ಬರತೊಡಗಿತು. ಬಿರಡೆ ಹಾಕಿದರೆ ಬಿರಡೆಯೂ ಹೊರಗೆ! ಭಾರ ಹೊತ್ತಿದ್ದು ಲೋಹವಲ್ಲ, ಒತ್ತಡ ತುಂಬಿಕೊಂಡ ಎಣ್ಣೆ ಎಂಬುದು ಹಾಗೆ ಬಯಲಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದರು. ಅದರ ಸಾರ: ಎಣ್ಣೆ ಗಟ್ಟಿಯಿದ್ದಷ್ಟೂ, ವೇಗ ಹೆಚ್ಚಿದಷ್ಟೂ ಪದರ ದಪ್ಪ, ಭಾರ ಹೆಚ್ಚಿದಷ್ಟೂ ತೆಳು.

ಹಾಗಾದರೆ ವೇಗ ಏರಿಸಿದಷ್ಟೂ ಒಳ್ಳೆಯದೇ? ಅಲ್ಲ. ಪಿಸ್ಟನ್ ಪ್ರತಿ ಸಲ ನಿಂತು ಹಿಂದಿರುಗುವಾಗ, ತನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಎಳೆಯುತ್ತದೆ. ಆ ಎಳೆತ ಆರ್‌ಪಿಎಂನ ವರ್ಗದಂತೆ ಏರುತ್ತದೆ. 3,000ದಿಂದ 3,600ಕ್ಕೆ ಹೋದರೆ ಒಂದಕ್ಕೆ 1.44 ಪಟ್ಟು, 6,000ಕ್ಕೆ ಹೋದರೆ ನಾಲ್ಕು ಪಟ್ಟು. ಎಂಜಿನ್ ಕಟ್ಟಿದವರು ಆ ನಾಲ್ಕು ಪಟ್ಟನ್ನು ತಡೆಯುವ ಹಾಗೆಯೇ ಕಟ್ಟಿರುತ್ತಾರೆ. ಮೂರು ಸಾವಿರದಲ್ಲಿ ಓಡುವ ಎಂಜಿನ್ ತನ್ನ ತಾಕತ್ತಿನ ಕಾಲು ಪಾಲು ಎಳೆತವನ್ನಷ್ಟೇ ಕಾಣುತ್ತಿರುತ್ತದೆ.

ಮೊದಲು ನಿಮ್ಮ ಗಾಡಿಯ ಲೆಕ್ಕ ಬರೆದುಕೊಳ್ಳಿ

ಸಮತಟ್ಟಾದ ರಸ್ತೆಯಲ್ಲಿ ಮೇಲಿನ ಗೇರು ಹಾಕಿ. 60, 80, 100ರ ವೇಗದಲ್ಲಿ ಸ್ವಲ್ಪ ಹೊತ್ತು ಒಂದೇ ಸಮ ಓಡಿಸಿ, ಮುಳ್ಳು ಎಲ್ಲಿದೆ ಎಂದು ಪಕ್ಕದಲ್ಲಿ ಕೂತವರಿಗೆ ಬರೆಯಲು ಹೇಳಿ. ಆರ್‌ಪಿಎಂ ಅನ್ನು 60ರಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಂಜಿನ್ ಎಷ್ಟು ಸುತ್ತು ಹಾಕಿತು ಎಂಬುದು ಸಿಗುತ್ತದೆ. ನನ್ನ ಕಾರಿನಲ್ಲಿ ಎಂಬತ್ತಕ್ಕೆ 2,400, ನೂರಕ್ಕೆ 3,000. ಎರಡರಲ್ಲೂ ಉತ್ತರ ಒಂದೇ, ಕಿಲೋಮೀಟರಿಗೆ 1,800 ಸುತ್ತು. ಗೇರು ಒಂದೇ ಇದ್ದ ಮೇಲೆ ಬೇರೆ ಬರಲು ಸಾಧ್ಯವೂ ಇಲ್ಲ. ಜೋರಾಗಿ ಹೋದರೆ ಆ ಸುತ್ತುಗಳು ಬೇಗ ಮುಗಿಯುತ್ತವೆ, ಹೆಚ್ಚಾಗುವುದಿಲ್ಲ.

ಇನ್ನು ಊರೊಳಗಿನ ಲೆಕ್ಕ ನೋಡಿ. ಖಡೇಬಜಾರ, ಗೋವಾವೇಸ್ ಎಂದು ಸುತ್ತಾಡುವಾಗ ಸರಾಸರಿ ವೇಗ 20, ಮುಳ್ಳು ಸರಾಸರಿ 1,500 ಎಂದಿಟ್ಟುಕೊಳ್ಳಿ. ನೂರು ಕಿಲೋಮೀಟರಿಗೆ ಐದು ತಾಸು ಬೇಕು, ಅಷ್ಟರಲ್ಲಿ ಎಂಜಿನ್ 4,50,000 ಸುತ್ತು ಹಾಕಿರುತ್ತದೆ. ಹೆದ್ದಾರಿಯ ನೂರು ಕಿಲೋಮೀಟರಿಗೆ 1,80,000 ಸಾಕು. ಮುಳ್ಳು ಕೆಳಗಿದೆಯೆಂದು ಕಾಕಾ ನೆಮ್ಮದಿಯಾಗಿರುವ ಊರಿನ ಓಡಾಟವೇ ಎಂಜಿನ್ನನ್ನು ಎರಡೂವರೆ ಪಟ್ಟು ತಿರುಗಿಸುತ್ತಿದೆ! ಅದರ ಮೇಲೆ ಕ್ಲಚ್ಚು, ಬ್ರೇಕು, ಹತ್ತು ಸಲ ಬಂದ್ ಮಾಡಿ ಚಾಲೂ ಮಾಡುವುದು. ಹಳೇ ಗಾಡಿ ಕೊಳ್ಳುವಾಗ ಹೆದ್ದಾರಿಯಲ್ಲೇ ಒಂದು ಲಕ್ಷ ಓಡಿದ ಕಾರು ಸಿಕ್ಕರೆ, ಪೇಟೆಯಲ್ಲಿ ಐವತ್ತು ಸಾವಿರ ಓಡಿದ್ದಕ್ಕಿಂತ ಅದನ್ನೇ ನಾನು ಆರಿಸಿಕೊಳ್ಳುತ್ತೇನೆ.

ಮೀಟರಿನ ಕೆಂಪು ಗೆರೆ, ಅಂದರೆ ದಾಟಬಾರದ ಮಿತಿ, ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಪೆಟ್ರೋಲಿಗೆ ಸಾಮಾನ್ಯವಾಗಿ ಆರು ಸಾವಿರದ ಆಚೀಚೆ, ಡೀಸೆಲ್ಲಿಗೆ ನಾಲ್ಕೂವರೆ, ಐದು ಸಾವಿರ. ಅದರ ಮೂರನೇ ಎರಡು ಪಾಲಿನ ಒಳಗೆ ತಾಸುಗಟ್ಟಲೆ ಓಡಿಸಲು ನನಗೆ ಅಳುಕಿಲ್ಲ. ನನ್ನ ಕಾರಿನಲ್ಲಿ ಅದು ನಾಲ್ಕು ಸಾವಿರ, ಅಂದರೆ ತಾಸಿಗೆ 133 ಕಿಲೋಮೀಟರ್. ಎಂಜಿನ್ ಗೊಣಗುವ ಮೊದಲೇ ಕ್ಯಾಮೆರಾದ ಚಲನ್ ಮನೆಗೆ ಬಂದಿರುತ್ತದೆ. ನೂರಕ್ಕಿಂತ ನೂರಿಪ್ಪತ್ತರಲ್ಲಿ ಗಾಳಿಯ ತಡೆಯೂ 1.44 ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ 1.7 ಪಟ್ಟು. ಜೋರಾಗಿ ಹೋಗುವ ನಷ್ಟ ಮೊದಲು ಕಾಣುವುದು ಪೆಟ್ರೋಲ್ ಬಂಕಿನಲ್ಲಿ.

ಬೆಳಗಿನ ಮೊದಲ ಹತ್ತು ನಿಮಿಷ

ಎಚ್ಚರ ಬೇಕಾದದ್ದು ಇಲ್ಲಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ಎಂಜಿನ್ನಿನ ಅಡಿಯ ತೊಟ್ಟಿಗೆ (ಸಂಪ್) ಇಳಿದಿರುತ್ತದೆ. ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ತೇಲಿಸುವ ಪದರ ಇರುವುದಿಲ್ಲ, ಲೋಹ ಲೋಹಕ್ಕೆ ತಾಗುತ್ತದೆ. ಡಿಸೆಂಬರಿನ ಬೆಳಗಾವಿ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದು ಮೇಲೇರಲು ಇನ್ನಷ್ಟು ತಡ. ಹಾಗೆಂದು ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಚಾಲೂ ಇಡಬೇಡಿ. ಎಂಜಿನ್ ಬಿಸಿಯಾಗಲು ತುಂಬ ಹೊತ್ತು ಹಿಡಿಯುತ್ತದೆ, ಸುಡದ ಪೆಟ್ರೋಲು ಎಣ್ಣೆಗೆ ಸೇರುತ್ತದೆ. ಅರ್ಧ ನಿಮಿಷ ಬಿಟ್ಟು ಹೊರಡಿ, ಹತ್ತು ಹದಿನೈದು ನಿಮಿಷ ಮುಳ್ಳನ್ನು 2,500ರ ಒಳಗೆ ಇಡಿ. ತಿಲಕವಾಡಿಯಿಂದ ಹೆದ್ದಾರಿ ಹತ್ತುವಷ್ಟರಲ್ಲಿ ಹೆಚ್ಚುಕಡಿಮೆ ಆ ಕೆಲಸ ಆಗಿರುತ್ತದೆ. ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದರೆ ಬಿಸಿಯಾದದ್ದು ಕೂಲಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ. ಎಣ್ಣೆ ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಉದ್ಯಮಬಾಗದಲ್ಲಿ ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಮಿಸ್ತ್ರಿಯೊಬ್ಬರನ್ನು ಕೇಳಿದೆ, ನಿಮ್ಮಲ್ಲಿಗೆ ಬರುವ ಕ್ರ್ಯಾಂಕುಗಳು ಜೋರಾಗಿ ಓಡಿಸಿ ಸವೆದವೇ ಎಂದು. "ಓಡಿ ಸವದದ್ದು ಕಡಿಮಿ ಬಿಡ್ರೀ. ಎಣ್ಣಿ ಇಲ್ಲದ ಓಡಿಸಿದ್ದು, ಕಸ ಹೊಕ್ಕಿದ್ದು, ಬಿಸಿಯಾಗಿ ಹಿಡಕೊಂಡಿದ್ದು, ಇವ ಭಾಳ." ಬೇರಿಂಗಿನ ಶೆಲ್ ಒಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಸುತ್ತಲೂ ಉಗುರಿನಿಂದ ಗೀರಿದಂತೆ ಗೆರೆಗಳು. ಅದು ದೂಳಿನ ಕೆಲಸ.

ಕಸ ಎಂದರೆ ನಮ್ಮ ಕಡೆ ಹೇಳಬೇಕೇ? ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಹತ್ತು ನಿಮಿಷ ಹೋದರೆ ಗಾಜಿನ ಮೇಲೆ ಕೂರುವ ದೂಳನ್ನೇ ಎಂಜಿನ್ನೂ ಉಸಿರಾಡುತ್ತದೆ. ಅದರಲ್ಲಿರುವ ಮರಳಿನ ಕಣ ಪಿಸ್ಟನ್ ರಿಂಗಿಗೆ ಸಾಣೆ ಹಿಡಿದಂತೆ. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ತೆಗೆದು ನೋಡಿ. ಗಾಳಿ ಹೊಡೆದು ಹೊಡೆದು ಅದೇ ಕಾಗದವನ್ನು ವರ್ಷಗಟ್ಟಲೆ ನಡೆಸುವುದು ಉಳಿತಾಯವಲ್ಲ. ಹೊಡೆತಕ್ಕೆ ಕಾಗದ ಹರಿದರೆ ಫಿಲ್ಟರ್ ಇದ್ದೂ ಇಲ್ಲದಂತೆ. ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ಹೊರಡುವವರು ಕೂಲಂಟ್ ಮಟ್ಟವನ್ನೂ ನೋಡಿಕೊಳ್ಳಿ, ಎಂಜಿನ್ ತಣ್ಣಗಿರುವಾಗ.

ಘಾಟಿನಲ್ಲಿ ಗೇರು ಇಳಿಸಿ

ಮುಳ್ಳು ಕೆಳಗಿದ್ದರೆ ಎಂಜಿನ್ ಸುಖವಾಗಿದೆ ಎಂಬ ನಂಬಿಕೆಗೆ ತವಂದಿ ಘಾಟ್ ಒಳ್ಳೆಯ ಪರೀಕ್ಷೆ. ಮುಂದೆ ಲಾರಿ, ಗಾಡಿಯಲ್ಲಿ ಐದು ಜನ, ಐದನೇ ಗೇರು, ಮುಳ್ಳು 1,400, ಕಾಲು ಪೆಡಲನ್ನು ತಳಕ್ಕೆ ಒತ್ತಿದೆ. ಗಾಡಿ ಎಳೆಯುವುದಿಲ್ಲ, ಸ್ಟೀರಿಂಗ್ ನಡುಗುತ್ತದೆ, ಬಾನೆಟ್ಟಿನೊಳಗಿಂದ ಕಟಕಟ ಸದ್ದು. ಮೇಲೆ ಹೇಳಿದ ಲೆಕ್ಕಕ್ಕೆ ಇದು ಪೂರ್ತಿ ತಿರುವುಮುರುವು: ವೇಗ ಕಡಿಮೆ, ಭಾರ ವಿಪರೀತ, ಎಣ್ಣೆಯ ಪದರ ತೆಳು. ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಈಗಿನ ಎಂಜಿನ್‌ಗಳಲ್ಲಿ ಹೀಗೆ ಒತ್ತಿದಾಗ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನೇ ಒಡೆಯುವ ಅಪಾಯವೂ ಉಂಟು. ಮೂರನೇ ಗೇರಿಗೆ ಬನ್ನಿ. ಮುಳ್ಳು ಮೇಲೆ ಹೋಗಲಿ, ಸದ್ದು ಏರಲಿ. ಪೆಡಲಿನ ಮೇಲೆ ಕಾಲು ಹಗುರಾದದ್ದು ನಿಮಗೇ ತಿಳಿಯುತ್ತದೆ.

ಇಳಿಯುವಾಗಲೂ ಕೆಳಗಿನ ಗೇರಿನಲ್ಲೇ ಇಳಿಯಿರಿ. ಆಗ ಮುಳ್ಳು ಏರಿದರೂ ಕಾಲು ಬಿಟ್ಟಿರುವುದರಿಂದ ಎಂಜಿನ್ನಿಗೆ ಪೆಟ್ರೋಲೇ ಹೋಗುವುದಿಲ್ಲ. ಒಂದೇ ಒಂದು ತಪ್ಪು ಮಾಡಬೇಡಿ: ನಾಲ್ಕಕ್ಕೆ ಹಾಕಲು ಹೋಗಿ ಗಡಿಬಿಡಿಯಲ್ಲಿ ಎರಡಕ್ಕೆ ತಳ್ಳುವುದು. ಕೆಂಪು ಗೆರೆ ಕಾಯುವ ಕಂಪ್ಯೂಟರು ಪೆಟ್ರೋಲ್ ನಿಲ್ಲಿಸಬಲ್ಲದು, ಎಂಜಿನ್ನನ್ನು ತಿರುಗಿಸುವ ಗಾಲಿಯನ್ನು ನಿಲ್ಲಿಸಲಾರದು. ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದರೆ ಆ ದಿನವೇ ಎಂಜಿನ್ ಬಿಚ್ಚಬೇಕು.

ಟರ್ಬೊ ಇರುವವರಿಗೆ ಎರಡು ಮಾತು. ಅದರೊಳಗೆ ತಿರುಗುವ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಘಾಟ್ ಹತ್ತಿ ಬಂದವರು ಚಹಾದಂಗಡಿ ಮುಂದೆ ನಿಲ್ಲಿಸಿದ ತಕ್ಷಣ ಬಂದ್ ಮಾಡದೆ ಒಂದು ನಿಮಿಷ ಚಾಲೂ ಬಿಡಿ, ಬಿಸಿ ದಂಡದ ಸುತ್ತ ಎಣ್ಣೆ ಹರಿಯಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಮಿತಿಯ ನಿಯಮ) ಡೀಸೆಲ್ ಗಾಡಿಗಳಿಗಂತೂ ಹೆದ್ದಾರಿಯ ಓಟ ಔಷಧವೇ. ಹೊಗೆಕೊಳವೆಯ ಫಿಲ್ಟರಿನಲ್ಲಿ ಕೂತ ಮಸಿ ಸುಡಬೇಕಾದರೆ ಹದಿನೈದಿಪ್ಪತ್ತು ನಿಮಿಷ ಎರಡು ಸಾವಿರದ ಮೇಲೆ ಒಂದೇ ಸಮ ಓಡಬೇಕು. ಪೇಟೆಯಲ್ಲೇ ಸುತ್ತಿದರೆ ಅದು ಕಟ್ಟಿಕೊಂಡು ದೀಪ ಹತ್ತುತ್ತದೆ.

ಮರಳಿ ಬಂದ ಮೇಲೆ ಎಣ್ಣೆ ಕಡ್ಡಿ

ಕಾಕಾನ ಮಾತಿನಲ್ಲಿ ಒಂದು ಅಂಶ ಈಗಲೂ ನಿಜ. ಒಂದೇ ಸಮ ಹೆಚ್ಚು ಆರ್‌ಪಿಎಂನಲ್ಲಿ ಓಡಿದ ಎಂಜಿನ್, ಅದರಲ್ಲೂ ವಯಸ್ಸಾದದ್ದು, ಸ್ವಲ್ಪ ಹೆಚ್ಚು ಎಣ್ಣೆ ಕುಡಿಯುತ್ತದೆ. ಎಣ್ಣೆಯ ಕೆಂಪು ದೀಪವನ್ನು ನಂಬಿ ಕೂರಬೇಡಿ. ಅದು ಹೇಳುವುದು ಒತ್ತಡ ಹೋಯಿತೆಂದು, ಮಟ್ಟ ಇಳಿಯಿತೆಂದಲ್ಲ. ಅದು ಹತ್ತುವಷ್ಟರಲ್ಲಿ ಬೇರಿಂಗ್ ಒಣಗುತ್ತಿರುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ, ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ, ಒರೆಸಿ, ಮತ್ತೆ ಹಾಕಿ ಎಳೆದು ನೋಡಿ. ಎಷ್ಟೋ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು ಒಂದು ಲೀಟರ್ ಅಂತರ. ಕಿಲೋಮೀಟರಿನ ಜೊತೆ ಮಟ್ಟವನ್ನೂ ಬರೆದಿಡಿ. ಸಾವಿರ ಕಿಲೋಮೀಟರಿನಲ್ಲಿ ಅರ್ಧ ಅಂತರ ಇಳಿದಿದ್ದರೆ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಮೇಲಿನ ಗುರುತಿನವರೆಗೆ ತುಂಬಿಸಿ, ಗಾಡಿಯನ್ನು ಒಮ್ಮೆ ಮಿಸ್ತ್ರಿಗೆ ತೋರಿಸಿ.